ಇರಚಲಿಗೆ ಜಡಿ ಕಟ್ಟುವುದು: ಮಲೆನಾಡಿನ ಮನೆಗೆ ಸೋಗೆ ತಟ್ಟಿಯ ಪೂರ್ತಿ ಕೆಲಸ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮನೆ ಇದ್ದವರಿಗೆ ನೆಟ್ಟಗೆ ಬೀಳುವ ಮಳೆಯ ಚಿಂತೆ ಅಷ್ಟಿಲ್ಲ. ಅದನ್ನು ಹಂಚು ನೋಡಿಕೊಳ್ಳುತ್ತದೆ. ಕಾಟ ಕೊಡುವುದು ಇರಚಲು, ಅಂದರೆ ಗಾಳಿಗೆ ಅಡ್ಡ ಬರುವ ಮಳೆ. ಆರಿದ್ರಾ ಹಿಡಿದು ಗಾಳಿ ಎದ್ದಿತೆಂದರೆ ಜಗಲಿಯ ಒಳಗಿನ ಬೆಂಚೂ ಒದ್ದೆ, ಒಣಹಾಕಿದ ಬಟ್ಟೆಯೂ ಒದ್ದೆ, ಪೇರಿಸಿಟ್ಟ ಸೌದೆಯೂ ಒದ್ದೆ. ಪಡುವಣ ಗೋಡೆಗೆ ಶ್ರಾವಣದ ಹೊತ್ತಿಗೆ ಹಸಿರು ಪಾಚಿ. ಮಣ್ಣಿನ ಗೋಡೆಯಾದರೆ ಬುಡವೇ ಕರಗಲು ಶುರು.

ಇದಕ್ಕೆ ನಮ್ಮ ಕಡೆ ಮೊದಲಿಂದ ಇರುವ ಉಪಾಯ ಜಡಿ ತಟ್ಟಿ, ಅಂದರೆ ಗೋಡೆಯ ಮುಂದೆ ನಿಲ್ಲಿಸುವ ಮರೆ. ಮಳೆಗಾಲಕ್ಕೆ ಮುಂಚೆ ಅಡಿಕೆ ಸೋಗೆಯಲ್ಲಿ (ಅಡಿಕೆ ಮರದ ಒಣಗರಿ) ಕಟ್ಟುವುದು, ಮಳೆಗಾಲ ಮುಗಿದ ಮೇಲೆ ಬಿಚ್ಚುವುದು. ಈಗ ಹೆಚ್ಚಿನವರು ಪೇಟೆಯಿಂದ ತಾಡಪಾಲು ತಂದು ಬಿಗಿದು ಕೈತೊಳೆದುಕೊಳ್ಳುತ್ತಾರೆ. ಜುಲೈ ಮುಗಿಯುವುದರೊಳಗೆ ಅದು ಹರಿದು ಪಟಪಟ ಹೊಡೆದುಕೊಳ್ಳುತ್ತಿರುತ್ತದೆ. ಸೋಗೆ ಜಡಿ ಯಾಕೆ ಹರಿಯುವುದಿಲ್ಲ, ಅದನ್ನು ಸರಿಯಾಗಿ ಕಟ್ಟುವುದು ಹೇಗೆ, ಸೋಗೆ ಸಿಗದವರು ಏನು ಮಾಡಬಹುದು ಅಂತ ಇಲ್ಲಿ ಒಂದೊಂದಾಗಿ ಹೇಳುತ್ತೇನೆ.

ಮೊದಲೇ ಒಂದು ಮಾತು. ಇದು ಘಟ್ಟದ ಅಂಚಿನ ಊರುಗಳಿಗೆ ಬರೆದದ್ದು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗಿಂತ ಜಾಸ್ತಿ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಶಿವಮೊಗ್ಗ ಪೇಟೆಗೆ ಅದರ ಕಾಲು ಭಾಗವೂ ಬೀಳುವುದಿಲ್ಲ. ಪೇಟೆಯವರು, ಭದ್ರಾವತಿ, ಶಿಕಾರಿಪುರದ ಬಯಲಿನವರು ಇಷ್ಟೆಲ್ಲ ಒದ್ದಾಡಬೇಕಿಲ್ಲ. ಅವರಿಗೆ ಒಂದು ಪದರ ಹಸಿರು ನೆಟ್ ಸಾಕು. ಅದರ ವಿಷಯ ಮುಂದೆ ಬರುತ್ತದೆ.

ಜಡಿ ಮಾಡುವ ಕೆಲಸ ಏನು

ಗಾಳಿ ಇಲ್ಲದಾಗ ಎಂಥಾ ಮಳೆ ಬಂದರೂ ಎರಡೂವರೆ ಅಡಿ ಚಾಚಿದ ಸೂರು ಗೋಡೆಯನ್ನು ಕಾಯುತ್ತದೆ. ನೀರನ್ನು ಒಳಗೆ ತಳ್ಳುವುದು ಗಾಳಿ. ಹಾಗಾಗಿ ಜಡಿ ಗಾಳಿಯ ಜೋರನ್ನು ಮುರಿದರೆ ಸಾಕು, ಹನಿ ತಾನಾಗಿ ಕೆಳಗೆ ಬೀಳುತ್ತದೆ. ಒಂದು ಹನಿಯನ್ನೂ ಬಿಡಬಾರದು ಅಂತ ಸಂದಿಲ್ಲದೆ ಮುಚ್ಚಿದರೆ ಕೆಲಸ ಕೆಡುತ್ತದೆ. ಗಾಳಿಗೆ ನುಸುಳಲು ಜಾಗ ಇಲ್ಲದಿದ್ದರೆ ಅದು ಇಡೀ ಭಾರವನ್ನು ತಟ್ಟಿಯ ಮೇಲೆ ಹಾಕುತ್ತದೆ. ಮೇಲಿನಿಂದ, ಪಕ್ಕದಿಂದ ಸುತ್ತಿ ಬಂದು ಒಳಗೆ ಸುಳಿಯಾಗಿ ತಿರುಗುತ್ತದೆ.

ಹಿಮ ಬೀಳುವ ದೇಶಗಳಲ್ಲೂ ಇದೇ ಲೆಕ್ಕ. ಅಲ್ಲಿ ಚಳಿಗಾಲ ಬರುವ ಮುಂಚೆ ರಸ್ತೆ ಪಕ್ಕದ ಬಯಲಲ್ಲಿ ಮರದ ಪಟ್ಟಿಯ ಬೇಲಿ ಹಾಕುತ್ತಾರೆ. ಸುಮಾರು ಅರ್ಧ ಪಟ್ಟಿ, ಅರ್ಧ ಸಂದು. ಗಾಳಿ ಆ ಸಂದಿನಲ್ಲಿ ನುಸುಳಿ ನಿಧಾನವಾಗುತ್ತದೆ, ಹೊತ್ತು ತಂದ ಹಿಮವನ್ನು ಬೇಲಿಯ ಹಿಂದೆ ಕೆಡವುತ್ತದೆ, ರಸ್ತೆ ಉಳಿಯುತ್ತದೆ. ಹಿಮದ ರಾಶಿಗೆ ಜಾಗ ಬೇಕಲ್ಲ, ಅದಕ್ಕೆ ಬೇಲಿಯನ್ನು ಅದರ ಎತ್ತರದ ಮೂವತ್ತೈದು ಪಟ್ಟು ದೂರ ಇಡುತ್ತಾರೆ. ನಮ್ಮದು ನೀರು, ರಾಶಿ ಬೀಳದೆ ಹರಿದು ಹೋಗುತ್ತದೆ. ಹಾಗಾಗಿ ಜಡಿ ಗೋಡೆಗೆ ಹತ್ತಿರವೇ ಇರಬಹುದು. ಹತ್ತಿರ ಇದ್ದಷ್ಟೂ ಒಳ್ಳೆಯದು, ಆದರೆ ಅಂಟಿಕೊಂಡಿರಬಾರದು.

ತಾಡಪಾಲಿನ ಮೇಲೆ ಬೀಳುವ ಭಾರ ಎಷ್ಟು ಗೊತ್ತಾ? ಗಂಟೆಗೆ 54 ಕಿ.ಮೀ. ಗಾಳಿ ಎದುರಿಗೆ ಬಡಿದರೆ ಒಂದು ಚದರ ಮೀಟರಿಗೆ ಸುಮಾರು 14 ಕೆ.ಜಿ. ಒತ್ತಡ. ಹತ್ತಡಿಗೆ ಇಪ್ಪತ್ತಡಿ ತಾಡಪಾಲು ಅಂದರೆ ಹದಿನೆಂಟೂವರೆ ಚದರ ಮೀಟರ್. ಒಟ್ಟು 250 ಕೆ.ಜಿ.ಗೂ ಮೇಲೆ. ಗಾಳಿಯ ವೇಗ ಇಮ್ಮಡಿಯಾದರೆ ಒತ್ತಡ ನಾಲ್ಕು ಪಟ್ಟು. ಇಷ್ಟನ್ನೂ ತಡೆಯಬೇಕಾದದ್ದು ಅಂಚಿನ ಹತ್ತಿಪ್ಪತ್ತು ತೂತು. ಹರಿಯದೆ ಇನ್ನೇನಾಗುತ್ತದೆ?

ಎಲ್ಲಿ ಕಟ್ಟಬೇಕು

ಮುಂಗಾರಿನ ಗಾಳಿ ಪಡುವಣದಿಂದ, ನೈಋತ್ಯದಿಂದ ಬರುತ್ತದೆ ಅಂತ ಎಲ್ಲರಿಗೂ ಗೊತ್ತು. ಆದರೆ ನಿಮ್ಮ ಮನೆ ಕಣಿವೆಯ ತಲೆಯಲ್ಲಿದ್ದರೆ, ಹಿಂದೆ ದರೆ ಇದ್ದರೆ, ಪಕ್ಕದಲ್ಲಿ ತೋಟ ಇಳಿದಿದ್ದರೆ ಗಾಳಿ ತಿರುಗಿ ಬೇರೆ ದಿಕ್ಕಿನಿಂದ ಹೊಡೆಯಬಹುದು. ದಿಕ್ಸೂಚಿಗಿಂತ ಗೋಡೆಯನ್ನು ನಂಬಿ. ಬೇಸಿಗೆಯಲ್ಲಿ ಮನೆಯನ್ನು ಒಂದು ಸುತ್ತು ಹಾಕಿ. ಒಣಗಿ ಕಪ್ಪಾದ ಪಾಚಿ ಎಲ್ಲಿದೆ, ಸುಣ್ಣ ಎಲ್ಲಿ ಪದರ ಪದರವಾಗಿ ಎದ್ದಿದೆ, ಕಿಟಕಿ ಚೌಕಟ್ಟಿನ ಕೆಳಗಿನ ಮರ ಎಲ್ಲಿ ಮೆತ್ತಗಾಗಿದೆ ನೋಡಿ. ಸೀಮೆಸುಣ್ಣದಲ್ಲಿ ಒದ್ದೆ ಗುರುತಿನ ಮೇಲಿನ ಅಂಚಿಗೆ ಗೆರೆ ಎಳೆಯಿರಿ. ಆ ಗೆರೆಯೇ ನಿಮಗೆ ನಕ್ಷೆ.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ನೋಡಿ ದಿಕ್ಕು ನಿರ್ಧಾರ ಮಾಡಬೇಡಿ. ಅದು ಯಾವ ಕಡೆಯಿಂದ ಬೇಕಾದರೂ ಬರುತ್ತದೆ, ಅರ್ಧ ಗಂಟೆ ಕುಣಿದು ಹೋಗುತ್ತದೆ. ಜಡಿ ಬೇಕಾದದ್ದು ಹಗಲು ರಾತ್ರಿ ಬಿಡದೆ ಹೊಡೆಯುವ ಮಳೆಗೆ.

ಗುರುತು ಗೋಡೆಯ ತುಂಬ ಇಲ್ಲದೆ ಬುಡದ ಒಂದೂವರೆ, ಎರಡು ಅಡಿ ಮಾತ್ರ ಇದ್ದರೆ ಅದು ಗಾಳಿಯ ಕೆಲಸ ಅಲ್ಲ. ಸೂರಿನ ನೀರು ಅಂಗಳಕ್ಕೆ ಬಿದ್ದು ಸಿಡಿಯುತ್ತಿದೆ ಅಂತ ಅರ್ಥ. ಅದಕ್ಕೆ ಜಡಿ ಬೇಡ. ನೀರು ಬೀಳುವ ಸಾಲಿಗೆ ಜಲ್ಲಿಯನ್ನೋ ಒಡೆದ ಹಂಚಿನ ಚೂರನ್ನೋ ಒಂದಡಿ ಅಗಲಕ್ಕೆ ಹರಡಿ, ಪಕ್ಕದಲ್ಲಿ ಚರಂಡಿ ತೋಡಿದರೆ ಸಿಡಿತ ನಿಲ್ಲುತ್ತದೆ. ಗಟ್ಟಿ ಕಲ್ಲುಹಾಸಿನ ಮೇಲೆ ನೀರು ಬಿದ್ದರೆ ಇನ್ನೂ ಜೋರಾಗಿ ಸಿಡಿಯುತ್ತದೆ, ನೆನಪಿರಲಿ.

ಎತ್ತರದ ಲೆಕ್ಕ

ಎರಡು ಮಿಲಿಮೀಟರ್ ದಪ್ಪದ ಹನಿ ಸೆಕೆಂಡಿಗೆ ಆರೂವರೆ ಮೀಟರ್ ವೇಗದಲ್ಲಿ ಇಳಿಯುತ್ತದೆ. ಗಾಳಿಯೂ ಅಷ್ಟೇ ವೇಗದಲ್ಲಿ, ಅಂದರೆ ಗಂಟೆಗೆ ಸುಮಾರು 23 ಕಿ.ಮೀ., ಬೀಸಿದರೆ ಹನಿ ಸರಿಯಾಗಿ ಅರ್ಧ ಓರೆಯಲ್ಲಿ ಬರುತ್ತದೆ. ಒಂದಡಿ ಇಳಿಯುವಷ್ಟರಲ್ಲಿ ಒಂದಡಿ ಒಳಗೆ. ಆಷಾಢದಲ್ಲಿ ಅಷ್ಟು ಗಾಳಿ ಸಾಮಾನ್ಯ. ಇನ್ನೂ ಸಣ್ಣ ಹನಿ ಇನ್ನೂ ಓರೆಯಾಗಿ ಬರುತ್ತದೆ.

ಈಗ ನಿಮ್ಮ ಮನೆಗೆ ಲೆಕ್ಕ ಹಾಕಿ. ಸೂರಿನ ಅಂಚು ನೆಲದಿಂದ ಎಂಟಡಿ, ಚಾಚು ಮೂರಡಿ ಅಂತಿಟ್ಟುಕೊಳ್ಳಿ. ಅರ್ಧ ಓರೆಯ ಮಳೆಯಲ್ಲಿ ಸೂರು ಗೋಡೆಯ ಮೇಲಿನ ಮೂರಡಿಯನ್ನು ಮಾತ್ರ ಕಾಯುತ್ತದೆ. ಕೆಳಗಿನ ಐದಡಿ ಬಯಲು. ಜಡಿಯನ್ನು ಗೋಡೆಯಿಂದ ಎರಡಡಿ ದೂರ, ಸೂರಿನ ಒಳಗೆ ನಿಲ್ಲಿಸಿದರೆ ಏಳಡಿ ಎತ್ತರ ಸಾಕು: ಅದರ ತಲೆ ದಾಟಿದ ಹನಿ ಗೋಡೆ ಮುಟ್ಟುವಷ್ಟರಲ್ಲಿ ಎರಡಡಿ ಇಳಿದು ಐದಡಿಗೆ ಬಂದಿರುತ್ತದೆ, ಅಲ್ಲಿಂದ ಮೇಲೆ ಸೂರು ನೋಡಿಕೊಳ್ಳುತ್ತದೆ. ಅದೇ ಜಡಿಯನ್ನು ಸೂರಿನ ಆಚೆ, ಗೋಡೆಯಿಂದ ನಾಲ್ಕಡಿ ದೂರಕ್ಕೆ ಇಟ್ಟರೆ ಒಂಬತ್ತಡಿ ಎತ್ತರ ಬೇಕಾಗುತ್ತದೆ. ಅಷ್ಟೆತ್ತರದ್ದು ಗಾಳಿಗೆ ನಿಲ್ಲುವುದು ಕಷ್ಟ. ಅಂಗಳದ ನಡುವೆ ತಟ್ಟಿ ನಿಲ್ಲಿಸಿ "ಏನೂ ಪ್ರಯೋಜನ ಆಗಲಿಲ್ಲ ಮಾರಾಯ್ರೆ" ಅನ್ನುವವರು ಈ ಅಳತೆ ನೋಡಿರುವುದಿಲ್ಲ.

ಜಗಲಿಗಾದರೆ ಲೆಕ್ಕ ಬೇಡ. ಸೂರಿನ ಅಂಚಿನ ನೇರಕ್ಕೇ ನಿಲ್ಲಿಸುವುದು.

ಚಾಚೇ ಇಲ್ಲದ ತಾರಸಿ ಮನೆಗಳ ಕಥೆ ಬೇರೆ. ಬೆಂಗಳೂರಿನ ನಕ್ಷೆ ತಂದು ಮಲೆನಾಡಲ್ಲಿ ಪೆಟ್ಟಿಗೆಯಂಥ ಮನೆ ಕಟ್ಟಿಸಿದವರು ಮೊದಲ ಮಳೆಗಾಲದಲ್ಲೇ ಒಳಗೋಡೆಯ ಬಣ್ಣ ಉಬ್ಬಿದ್ದು ನೋಡಿರುತ್ತಾರೆ. ಅಂಥ ಗೋಡೆಗೆ ಜಡಿಯಿಂದ ಅರ್ಧ ಉಪಕಾರ ಅಷ್ಟೇ. ಮೇಲೆ ಶೀಟಿನ ಸೂರು ಚಾಚಿಸುವುದೇ ದಾರಿ.

ಸಾಮಾನು ಕೂಡಿಸುವುದು

ಸೋಗೆ: ತೋಟದಲ್ಲಿ ತಾನಾಗಿ ಉದುರಿದ್ದು ಬೇಕು. ಹಸಿ ಸೋಗೆ ಕಡಿದು ಕಟ್ಟಿದರೆ ಒಣಗಿ ಮುದುಡಿ ಸಂದು ಬೀಳುತ್ತದೆ, ಮರಕ್ಕೂ ಪೆಟ್ಟು. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಉದುರಿದ್ದನ್ನು ಬಿಸಿಲಲ್ಲಿ ಬಿಡದೆ ಕೊಟ್ಟಿಗೆಯ ಮಾಡಿನಡಿ ಪೇರಿಸಿಡಿ. ಬಿಸಿಲು ಜಾಸ್ತಿ ತಿಂದ ಸೋಗೆಯ ಗರಿ ಕೈಯಲ್ಲಿ ಮುರಿಯುತ್ತದೆ. ಹಾಳೆ ತಟ್ಟೆ ಮಾಡುವವರು ಹಾಳೆಯನ್ನು (ಸೋಗೆಯ ಬುಡದ ಅಗಲ ಪೊರೆ) ಕತ್ತರಿಸಿಕೊಂಡು ಹೋದ ಮೇಲೆ ಉಳಿಯುವ ಸೋಗೆ ಇದಕ್ಕೆ ಹೇಳಿ ಮಾಡಿಸಿದ್ದು. ಇಲ್ಲದಿದ್ದರೆ ಹಾಳೆಯನ್ನು ನೀವೇ ಕತ್ತಿಯಲ್ಲಿ ಬೇರೆ ಮಾಡಿ, ಒಂದು ಗೇಣು ದಂಟು ಉಳಿಸಿಕೊಳ್ಳಿ. ಹಾಳೆ ಸಮೇತ ಕಟ್ಟಿದರೆ ಅದರಲ್ಲಿ ನೀರು ನಿಂತು ಸೊಳ್ಳೆ ಆಗುತ್ತದೆ.

ಎಷ್ಟು ಬೇಕು? ಒಂದಡಿ ಅಗಲಕ್ಕೆ ಮೂರು ಸೋಗೆ ಅಂತ ಹಿಡಿಯಿರಿ. ಏಳಡಿ ಎತ್ತರಕ್ಕೆ ಎರಡು ಸಾಲು. ಇಪ್ಪತ್ತಡಿ ಗೋಡೆಗೆ ನೂರಿಪ್ಪತ್ತು. ಇಪ್ಪತ್ತು ಮೇಲೆ ಇಟ್ಟುಕೊಳ್ಳಿ, ನಡುವೆ ತೇಪೆ ಹಾಕಲು ಬೇಕಾಗುತ್ತದೆ.

ಎಲೆಚುಕ್ಕೆ ರೋಗ ಬಂದ ತೋಟದ ಸೋಗೆಯನ್ನು ರೋಗ ಇಲ್ಲದ ತೋಟದ ಮನೆಗೆ ತರಬೇಡಿ. ಆ ಶಿಲೀಂಧ್ರ ಬಿದ್ದ ಎಲೆಯಲ್ಲೂ ಉಳಿಯುತ್ತದೆ, ಮಳೆಯ ಸಿಡಿತದಲ್ಲಿ ಹರಡುತ್ತದೆ. ಸುಮ್ನೆ ಸಿಕ್ಕಿತು ಅಂತ ನೆಂಟರ ಮನೆಯಿಂದ ಪಿಕಪ್ ತುಂಬಿ ತರುವ ಮೊದಲು ಎಲೆ ನೋಡಿ.

ಇನ್ನೊಂದು ಎಚ್ಚರ ಉಣುಗಿನದ್ದು. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ನಮ್ಮದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಕಡೆ ಆದ ಸಾವುನೋವು ಯಾರೂ ಮರೆತಿಲ್ಲ. ಆ ಕಾಯಿಲೆಯ ಕಾಲ ಡಿಸೆಂಬರ್‌ನಿಂದ ಮೇ. ಸೋಗೆ, ದರಕು (ಉದುರಿದ ಒಣ ಎಲೆ) ಒಟ್ಟುಮಾಡುವ ಕಾಲವೂ ಅದೇ. ಕಾಡಂಚಿನ ತೋಟಕ್ಕೆ ಹೋಗುವಾಗ ತುಂಬುತೋಳಿನ ಅಂಗಿ, ಕಾಲುಚೀಲದೊಳಗೆ ತುರುಕಿದ ಪ್ಯಾಂಟು ಇರಲಿ. ಕಾಯಿಲೆ ಇರುವ ಊರುಗಳಲ್ಲಿ ಆರೋಗ್ಯ ಇಲಾಖೆಯವರು ಉಣುಗು ಹತ್ತದ ಹಾಗೆ ಡೆಪಾ ಎಣ್ಣೆ ಕೊಡುತ್ತಾರೆ, ಕೈಕಾಲಿಗೆ ಹಚ್ಚಿಕೊಂಡೇ ಹೋಗಿ. ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಮಂಗ ಸತ್ತ ಜಾಗದ ಸುತ್ತಮುತ್ತ ಸೋಗೆಯೂ ಬೇಡ, ದರಕೂ ಬೇಡ, ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಕಾಡಂಚಿಗೆ ಹೋಗಿ ಬಂದ ಮೇಲೆ ಜ್ವರ ಬಂದರೆ ಮನೆಮದ್ದು ಮಾಡುತ್ತಾ ಕೂರಬೇಡಿ.

ದಬ್ಬೆ: ಹಳೇ ಅಡಿಕೆ ಮರ ಸೀಳಿ, ಒಳಗಿನ ಮೆತ್ತನೆ ತಿರುಳು ಕೆತ್ತಿ ತೆಗೆದದ್ದು. ಎರಡು ಬೆರಳು ಅಗಲ ಇದ್ದರೆ ಸಾಕು. ಪ್ರತಿ ಸಾಲಿಗೆ ಹೊರಗಿನಿಂದ ಒಂದು ದಬ್ಬೆ, ಕೆಳಗಿನ ತುದಿ ಒತ್ತಿ ಹಿಡಿಯಲು ಇನ್ನೊಂದು.

ಕಂಬಕ್ಕೆ ಬಿದಿರು. ಬುಡದಲ್ಲಿ ಮೂರು ಇಂಚು ದಪ್ಪ ಇರಲಿ, ಬಲಿತದ್ದಿರಲಿ. ಎಳೆ ಬಿದಿರಿನಲ್ಲಿ ಸಿಹಿ ಅಂಶ ಜಾಸ್ತಿ, ಹುಳ ಬೇಗ ಹೊಡೆಯುತ್ತದೆ. ಕಡಿದ ಬಿದಿರನ್ನು ಎರಡು ವಾರ ಹಳ್ಳದ ನೀರಲ್ಲಿ ಮುಳುಗಿಸಿಟ್ಟರೆ ಆ ಸಿಹಿ ಬಿಟ್ಟುಹೋಗುತ್ತದೆ. ನೆಲದಲ್ಲಿ ಹೂಳುವ ಭಾಗಕ್ಕೆ ಹಳೇ ಇಂಜಿನ್ ಆಯಿಲ್ ಬಳಿಯುವುದು ಕೆಲವರ ರೂಢಿ. ಬಾವಿ ಹತ್ತಿರ ಇದ್ದರೆ ಅದು ಬೇಡ, ಬೆಂಕಿಯಲ್ಲಿ ಸ್ವಲ್ಪ ಸುಟ್ಟು ಕಪ್ಪು ಮಾಡಿದರೂ ನಡೆಯುತ್ತದೆ.

ಹಗ್ಗದ ವಿಷಯದಲ್ಲಿ ನನ್ನ ಮತ ತೆಂಗಿನ ನಾರಿಗೆ. ಸೆಣಬಿನ ಸುತಳಿ ಆಗಸ್ಟ್ ಹೊತ್ತಿಗೆ ಕೊಳೆತು ಪುಡಿಯಾಗುತ್ತದೆ. ನೈಲಾನ್ ಗಟ್ಟಿ, ಆದರೆ ಬಿದಿರಿನ ನುಣುಪಿನ ಮೇಲೆ ಜಾರುತ್ತದೆ. ತಂತಿ ಬಿಗಿಯಾಗಿ ಕೂರುತ್ತದೆ, ಗಾಳಿಗೆ ಅಲುಗಾಡುತ್ತಾ ದಬ್ಬೆಯನ್ನು ಕೊರೆಯುತ್ತದೆ. ಬಿಚ್ಚುವಾಗ ಕೈ ಗೀರುವುದು ಬೇರೆ. ನಾರಿನ ಹಗ್ಗ ಒರಟು, ಹಿಡಿದುಕೊಳ್ಳುತ್ತದೆ, ನೀರಿಗೆ ಬೇಗ ಕೊಳೆಯುವುದಿಲ್ಲ.

ಯಾವಾಗ

ಮೃಗಶಿರ ಹಿಡಿಯುವುದು ಜೂನ್ 7, 8ರ ಸುಮಾರಿಗೆ. ಅಷ್ಟರೊಳಗೆ ಎಲ್ಲ ಮುಗಿದಿರಬೇಕು. ಹಾಗಂತ ಏಪ್ರಿಲ್‌ನಲ್ಲೇ ಸೋಗೆ ಕಟ್ಟಿ ಕೂತರೆ ಬಿಸಿಲಿಗೆ ಗರಿ ಉದುರುತ್ತದೆ, ಬೆಂಕಿಯ ಭಯವೂ ಇದೆ. ಕೆಲಸವನ್ನು ಎರಡು ಭಾಗ ಮಾಡಿ. ಕಂಬ, ಗಳದ (ಅಡ್ಡ ಕಟ್ಟುವ ಉದ್ದ ಕೋಲು) ಚೌಕಟ್ಟನ್ನು ಮೇ ಮೊದಲ ವಾರಗಳಲ್ಲಿ ನಿಲ್ಲಿಸಿ. ಸೋಗೆಯನ್ನು ರೋಹಿಣಿ ಮಳೆ ಹೊತ್ತಿಗೆ, ಮೇ ಕೊನೆಯ ವಾರ ಏರಿಸಿ. ತಡಮಾಡಿದರೆ ಆಳು ಸಿಗುವುದಿಲ್ಲ. ಆಗ ಎಲ್ಲರ ಮನೆಯಲ್ಲೂ ಅಡಿಕೆಗೆ ಬೋರ್ಡೋ ಔಷಧಿ ಹೊಡೆಯುವ ಗಡಿಬಿಡಿ, ಗದ್ದೆ ಇದ್ದವರಿಗೆ ಸಸಿಮಡಿಯ ಗಡಿಬಿಡಿ.

ಚೌಕಟ್ಟು

ಗೋಡೆಯಿಂದ ಎರಡಡಿಗೆ ದಾರ ಹಿಡಿದು ನೇರ ಗೆರೆ ಹಾಕಿ. ಜಾಗ ಇದ್ದರೆ ಎರಡೂವರೆ. ನಡುವೆ ಒಬ್ಬರು ನಡೆದಾಡುವಷ್ಟು ಇರಬೇಕು, ಗೋಡೆಗೆ ಗಾಳಿಯೂ ಆಡಬೇಕು. ಐದೈದು ಅಡಿಗೆ ಒಂದು ಕಂಬದಂತೆ ಹಾರೆಯಲ್ಲಿ ಎರಡಡಿ ಆಳದ ಗುಂಡಿ ತೆಗೆಯಿರಿ. ಗುಂಡಿ ಕಿರಿದಾಗಿರಲಿ, ಕಂಬಕ್ಕಿಂತ ಒಂದು ಹಿಡಿ ಅಗಲ ಅಷ್ಟೇ. ಕಂಬ ಇಳಿಸಿ, ಸುತ್ತ ಜಂಬಿಟ್ಟಿಗೆ (ಕೆಂಪು ಕಲ್ಲು) ಚೂರು ತುಂಬಿ, ಹಾರೆಯ ಹಿಂಬದಿಯಿಂದ ಕುಟ್ಟಿ. ಬರೀ ಮಣ್ಣು ತುಂಬಿದರೆ ಮಳೆಗೆ ಕೆಸರಾಗಿ ಕಂಬ ಓಲಾಡುತ್ತದೆ.

ಕಂಬ ನೆಟ್ಟಗೆ ಬೇಡ. ಬುಡ ಸ್ವಲ್ಪ ಹೊರಗೆ, ತಲೆ ಗೋಡೆಯ ಕಡೆಗೆ. ಏಳಡಿಗೆ ಒಂದಡಿ ಓರೆ ಇರಲಿ. ಹೀಗಿದ್ದರೆ ನೀರು ಸೋಗೆಯ ಹೊರಮೈ ಮೇಲೇ ಜಾರಿ ಆಚೆ ಬೀಳುತ್ತದೆ, ಗಾಳಿಯ ನೂಕು ಕಂಬವನ್ನು ನೆಲಕ್ಕೆ ಒತ್ತುತ್ತದೆ. ಬುಡ ಎರಡೂವರೆ ಅಡಿಯಲ್ಲಿದ್ದರೆ ತಲೆ ಒಂದೂವರೆ ಅಡಿಗೆ ಬರುತ್ತದೆ, ಮೇಲಿನ ಎತ್ತರದ ಲೆಕ್ಕಕ್ಕೆ ತಲೆಯ ದೂರವನ್ನೇ ಹಿಡಿಯಿರಿ.

ಅಡ್ಡ ಗಳ ಮೂರು: ನೆಲದಿಂದ ಒಂದಡಿಗೆ, ನಾಲ್ಕೂವರೆ ಅಡಿಗೆ, ಏಳಡಿಗೆ. ಎಲ್ಲ ಕಂಬದ ಹೊರಬದಿಗೆ. ಹೊರಬದಿಗೆ ಕಟ್ಟಿದರೆ ಗಾಳಿ ಗಳವನ್ನು ಕಂಬಕ್ಕೆ ಒರಗಿಸುತ್ತದೆ. ಒಳಬದಿಗೆ ಕಟ್ಟಿದರೆ ಇಡೀ ನೂಕು ಹಗ್ಗದ ಮೇಲೆ.

ಕಟ್ಟು ಹಾಕುವ ಕ್ರಮ ಇಲ್ಲೇ ಸರಿಯಾಗಿ ಕಲಿತುಬಿಡಿ, ಮುಂದೆ ಎಲ್ಲದಕ್ಕೂ ಇದೇ. ಹಗ್ಗದ ತುದಿಯನ್ನು ಕಂಬಕ್ಕೆ, ಗಳದ ಕೆಳಗೆ ಬಿಗಿಯಿರಿ. ಗಳದ ಮುಂದಿನಿಂದ ಮೇಲೆ ತಂದು, ಕಂಬದ ಹಿಂದೆ ಹಾಯಿಸಿ, ಮತ್ತೆ ಗಳದ ಮುಂದೆ ಕೆಳಗಿಳಿಸಿ, ಕಂಬದ ಹಿಂದೆ ಹಾಯಿಸಿ. ಇದು ಒಂದು ಸುತ್ತು. ಇಂಥವು ಮೂರು, ಒಂದರ ಮೇಲೊಂದು ಏರದಂತೆ ಪಕ್ಕಪಕ್ಕ. ಆಮೇಲೆ ಹಗ್ಗವನ್ನು ಕಂಬಕ್ಕೂ ಗಳಕ್ಕೂ ನಡುವೆ ತೂರಿಸಿ, ಹಾಕಿದ ಸುತ್ತುಗಳನ್ನೇ ಸುತ್ತುವರಿದು ಎರಡು ಸಲ ಎಳೆಯಿರಿ. ಈ ಎಳೆತದಲ್ಲಿ ಮೊದಲಿನ ಸುತ್ತುಗಳು ಕಿರ್ ಅಂತ ಬಿಗಿಯುವುದು ಕೈಗೆ ಗೊತ್ತಾಗುತ್ತದೆ. ಆಮೇಲೆ ಗಂಟು. ನಡುವಿನ ಎರಡು ಎಳೆತ ಬಿಟ್ಟವರ ಜಡಿ ಪುನರ್ವಸು ದಾಟುವುದಿಲ್ಲ.

ಚೌಕಟ್ಟಿನ ಭಾರವನ್ನು ಮಾಡಿನ ಪಕಾಸಿಗೆ, ರೀಪಿಗೆ ನೇತುಹಾಕಬೇಡಿ. ಗಾಳಿ ಜಡಿಯನ್ನು ಅಲುಗಿಸಿದರೆ ಮಾಡೂ ಅಲುಗುತ್ತದೆ, ಹಂಚು ಜಾರುತ್ತದೆ. ಜಗಲಿಗೆ ಮರದ ಕಂಬ ಇದ್ದರೆ ಅದಕ್ಕೆ ಕಟ್ಟಬಹುದು, ಹಗ್ಗದಡಿ ಗೋಣಿ ತುಂಡು ಇಟ್ಟರೆ ಕಂಬಕ್ಕೆ ಗಾಯ ಆಗುವುದಿಲ್ಲ.

ಮೂಲೆಗಳಲ್ಲಿ ಜಿಪುಣತನ ಬೇಡ. ಗಾಳಿ ಜಡಿಯ ತುದಿಯಲ್ಲಿ ತಿರುಗಿ ಒಳಗೆ ನುಗ್ಗುತ್ತದೆ. ಗೋಡೆ ಮುಗಿದಲ್ಲಿಗೆ ಜಡಿ ಮುಗಿಸದೆ ಮೂರಡಿ ಮುಂದೆ ಒಯ್ಯಿರಿ, ಇಲ್ಲವೇ ಗೋಡೆಯ ಕಡೆಗೆ ಮಡಚಿ.

ಬಾಗಿಲಿದ್ದಲ್ಲಿ ಏನು ಮಾಡುವುದು? ಜಡಿಯಲ್ಲಿ ತೂತು ಬಿಟ್ಟರೆ ಅಲ್ಲಿಂದಲೇ ಎಲ್ಲ ನುಗ್ಗುತ್ತದೆ. ಎರಡು ತುಂಡಾಗಿ ಕಟ್ಟಿ, ಒಂದರ ತುದಿ ಇನ್ನೊಂದರ ಮುಂದೆ ಮೂರಡಿ ಹಾಯುವಂತೆ ಮಾಡಿ. ನಡುವಿನ ಸಂದಿನಲ್ಲಿ ಹೋಗಿ ಬರಬಹುದು. ಆ ಸಂದು ಕೊಡೆ ಮಡಚುವಷ್ಟು, ಕಂಬಳಿ ಕೊಡವುವಷ್ಟು ಅಗಲ ಇರಲಿ.

ಸೋಗೆ ಏರಿಸುವುದು

ಹಿಂದಿನ ಸಂಜೆ ಸೋಗೆಗೆ ನೀರು ಚಿಮುಕಿಸಿಡಿ. ಗರಿ ಮೆತ್ತಗಾಗಿ ಮುರಿಯುವುದಿಲ್ಲ. ರಾಶಿಯಿಂದ ಎತ್ತುವಾಗ ಮೊದಲು ಕೋಲಿನಿಂದ ತಟ್ಟಿ, ಆಮೇಲೆ ಕೈ ಹಾಕಿ. ಬೇಸಿಗೆಯ ಸೋಗೆ ರಾಶಿಯಲ್ಲಿ ಚೇಳು ಇರುತ್ತದೆ, ಕೊಳಕುಮಂಡಲವೂ ಇರಬಹುದು.

ಕೆಳಗಿನ ಸಾಲು ಮೊದಲು. ದಂಟು ಮೇಲೆ, ತುದಿ ಕೆಳಗೆ. ದಂಟನ್ನು ನಾಲ್ಕೂವರೆ ಅಡಿಯ ಗಳಕ್ಕೆ ಹೊರಗಿನಿಂದ ಒರಗಿಸಿ, ಮೇಲೆ ಒಂದು ದಬ್ಬೆ ಇಟ್ಟು, ಗಳಕ್ಕೂ ದಬ್ಬೆಗೂ ನಡುವೆ ಸೋಗೆ ಸಿಕ್ಕಿಕೊಳ್ಳುವಂತೆ ಪ್ರತಿ ಒಂದಡಿಗೆ ಕಟ್ಟು ಹಾಕುತ್ತಾ ಹೋಗಿ. ಒಂದು ಸೋಗೆಯ ಗರಿ ಪಕ್ಕದ ಸೋಗೆಯ ಗರಿಯ ಮೇಲೆ ಅರ್ಧ ಬರಬೇಕು. ಗಾಳಿ ಬರುವ ಕಡೆಯ ತುದಿಯಿಂದ ಶುರುಮಾಡಬೇಡಿ, ಆಚೆ ತುದಿಯಿಂದ ಶುರುಮಾಡಿ. ಆಗ ಪ್ರತಿ ಹೊಸ ಸೋಗೆ ಹಿಂದಿನದರ ಅಂಚನ್ನು ಮುಚ್ಚುತ್ತದೆ, ಗಾಳಿಗೆ ಎತ್ತಲು ಅಂಚು ಸಿಗುವುದಿಲ್ಲ.

ಮೇಲಿನ ಸಾಲು ಏಳಡಿಯ ಗಳಕ್ಕೆ. ಅದರ ತುದಿ ಕೆಳಗಿನ ಸಾಲಿನ ಕಟ್ಟುಗಳನ್ನು ಮುಚ್ಚಿ ಎರಡಡಿ ಕೆಳಗಿಳಿಯಬೇಕು. ಕಟ್ಟಿನ ಮೇಲೆ ನೇರವಾಗಿ ನೀರು ಬೀಳದಿದ್ದರೆ ಹಗ್ಗದ ಬಾಳಿಕೆ ಜಾಸ್ತಿ. ಎರಡೂ ಸಾಲು ಮುಗಿದ ಮೇಲೆ ತುದಿಗಳು ಹಾರದಂತೆ ಕೆಳಗಿನ ಗಳದ ಮಟ್ಟಕ್ಕೆ ಹೊರಗಿನಿಂದ ಇನ್ನೊಂದು ದಬ್ಬೆ ಒತ್ತಿ ಕಟ್ಟಿ.

ಸೋಗೆಯ ತುದಿ ನೆಲ ಮುಟ್ಟಬಾರದು. ಒಂದು ಗೇಣು ಮೇಲಿರಲಿ, ಉದ್ದ ಇದ್ದದ್ದನ್ನು ಕತ್ತಿಯಲ್ಲಿ ಸವರಿ. ನೆಲಕ್ಕೆ ತಾಗಿದರೆ ಗೆದ್ದಲಿಗೆ ಏಣಿ ಇಟ್ಟ ಹಾಗೆ. ಅಂಗಳದ ನೀರು ಹರಿಯಲಿಕ್ಕೂ ಆ ಸಂದು ಬೇಕು. ಜಡಿಯ ತಲೆಗೂ ಸೂರಿಗೂ ನಡುವೆಯೂ ಗೇಣು ಜಾಗ ಇರಲಿ. ಅಲ್ಲಿ ಮುಚ್ಚಿದರೆ ಒಳಗಿನ ತೇವ ಹೊರಗೆ ಹೋಗದೆ ಬಾಗಿಲಿಗೂ ಬಟ್ಟೆಗೂ ಬೂಷ್ಟು ಹಿಡಿಯುತ್ತದೆ.

ಸರಿಯಾಯಿತಾ ಅಂತ ನೋಡಲು ಒಳಗೆ ನಿಂತು ಅಂಗಳದ ಕಡೆ ನೋಡಿ. ಬೆಳಕು ಚುಕ್ಕಿ ಚುಕ್ಕಿಯಾಗಿ ಕಾಣಬೇಕು. ಪೂರ್ತಿ ಕತ್ತಲಾದರೆ ಸೋಗೆ ಜಾಸ್ತಿಯಾಗಿದೆ, ಒಂದೆರಡು ತೆಗೆಯಿರಿ. ಅಂಗಳದಲ್ಲಿ ಹೋಗುವವರ ಮುಖ ಗುರುತು ಸಿಕ್ಕರೆ ಕಡಿಮೆಯಾಗಿದೆ. ಇಬ್ಬರು ಕೈಜೋಡಿಸಿದರೆ ಇಪ್ಪತ್ತಡಿಯ ಸೋಗೆ ಏರಿಸುವುದು ಒಂದು ದಿನದ ಕೆಲಸ.

ಬಚ್ಚಲ ಒಲೆಯ ಬಾಯಿ, ಹೊಗೆಗೂಡು ಇರುವಲ್ಲಿ ಐದಡಿ ಬಿಟ್ಟೇ ಜಡಿ ನಿಲ್ಲಿಸಿ. ಅಲ್ಲಿ ಬೇಕೇ ಬೇಕಾದರೆ ತಗಡಿನ ತುಂಡು ಹಾಕಿ. ಕರೆಂಟಿನ ಸರ್ವಿಸ್ ವೈರ್ ಜಡಿಗೆ ತಾಗುವಂತಿದ್ದರೆ ಲೈನ್‌ಮ್ಯಾನ್ ಕರೆದು ಎತ್ತರಿಸಿಕೊಂಡ ಮೇಲೇ ಕೆಲಸ ಶುರುಮಾಡಿ.

ಸೋಗೆ ಇಲ್ಲದವರಿಗೆ

ತೆಂಗಿನ ಗರಿ ಹೆಣೆದು ಕಟ್ಟಬಹುದು. ಹೆಣಿಗೆ ಒತ್ತಾಗಿರುವುದರಿಂದ ಒಂದೇ ಪದರ ಸಾಕು. ಮೊದಲು ಹೇಳಿದ ಹಸಿರು ನೆಟ್, ಅಂದರೆ ಶೇಡ್‌ನೆಟ್ ಆದರೆ 50 ಅಥವಾ 75 ಪರ್ಸೆಂಟ್ ನೆರಳಿನದ್ದು ತನ್ನಿ. ಘಟ್ಟದ ಅಂಚಿಗೆ 75. ನೆಟ್ಟಿನ ಅಂಚನ್ನು ಬರೀ ದಾರದಲ್ಲಿ ಕಟ್ಟದೆ ಎರಡು ದಬ್ಬೆಗಳ ನಡುವೆ ಸಿಕ್ಕಿಸಿ ಬಿಗಿಯಿರಿ, ಎಳೆತ ಇಡೀ ಅಂಚಿಗೆ ಹಂಚಿಹೋಗುತ್ತದೆ. ನೆಟ್ ಹನಿಯನ್ನು ಒಡೆದು ತುಂತುರು ಮಾಡುತ್ತದೆ. ಆ ತುಂತುರೂ ಬೇಡ ಅನ್ನುವವರು ಒಂದು ಗೇಣು ಅಂತರ ಬಿಟ್ಟು ಎರಡನೇ ಪದರ ಹಾಕಬಹುದು. ಬಿಚ್ಚಿ ತೊಳೆದು ಮಡಚಿಟ್ಟರೆ ಕೆಲವು ವರ್ಷ ಬರುತ್ತದೆ. ಚೌಕಟ್ಟು, ಓರೆ, ಎತ್ತರ ಎಲ್ಲ ಮೇಲೆ ಹೇಳಿದ್ದೇ.

ತಾಡಪಾಲೇ ಗತಿ ಅನ್ನುವವರು ಕೆಳಗಿನ ಒಂದೂವರೆ ಅಡಿ, ಮೇಲಿನ ಒಂದಡಿ ತೆರೆದಿಡಿ. ಒಂದೇ ದೊಡ್ಡದರ ಬದಲು ಕಂಬಗಳ ಅಂತರಕ್ಕಿಂತ ಸ್ವಲ್ಪ ಕಿರಿದಾದ ತುಂಡುಗಳನ್ನು ಕಂಬದಿಂದ ಕಂಬಕ್ಕೆ ಬೇರೆಬೇರೆಯಾಗಿ ಕಟ್ಟಿ, ನಡುವೆ ಸಂದು ಬಿಡಿ.

ಮಳೆಗಾಲದ ನಡುವೆ

ಮೊದಲ ದೊಡ್ಡ ಗಾಳಿ ಮುಗಿದ ಮೇಲೆ ಹೊಳವಾದಾಗ ಒಂದು ಸುತ್ತು ನೋಡಿ. ಕಂಬ ಹಿಡಿದು ಅಲುಗಿಸಿ. ಓಲಾಡಿದರೆ ಬುಡಕ್ಕೆ ಇನ್ನಷ್ಟು ಕಲ್ಲು ಕುಟ್ಟಿ. ಸಡಿಲಾದ ಕಟ್ಟನ್ನು ಬಿಚ್ಚಬೇಡಿ, ಅದರ ಮೇಲೇ ಹೊಸ ಹಗ್ಗ ಬಿಗಿಯಿರಿ. ಸೋಗೆ ಕಳಚಿ ತೂತು ಬಿದ್ದಲ್ಲಿ ಹೊಸದನ್ನು ಒಳಗಿನಿಂದ ದಬ್ಬೆಯ ಸಂದಿಗೆ ತುರುಕಿದರೆ ಸಾಕು. ಜಡಿಯ ಬುಡದ ಚರಂಡಿಯಲ್ಲಿ ಎಲೆ ಕಟ್ಟಿಕೊಂಡು ನೀರು ಗೋಡೆಯ ಕಡೆ ತಿರುಗುತ್ತದೆ, ವಾರಕ್ಕೊಮ್ಮೆ ಗುದ್ದಲಿ ಎಳೆಯಿರಿ. ಸಂದಿನಲ್ಲಿ ಓಡಾಡುವಾಗ ಇಂಬಳ (ಜಿಗಣೆ) ಹತ್ತುತ್ತವೆ, ಕಾಲಿಗೆ ಸುಣ್ಣವೋ ಉಪ್ಪೋ ಸವರಿಕೊಳ್ಳಿ.

ಗೋಡೆ ಹೇಗಿದೆ ಅಂತ ಬೆರಳಿನಿಂದಲೇ ನೋಡಬಹುದು. ಸೀಮೆಸುಣ್ಣದ ಗೆರೆಯ ಕೆಳಗೆ ಉಗುರಲ್ಲಿ ಗೀರಿ. ಪುಡಿ ಉದುರಿದರೆ ಒಣಗಿದೆ. ಉಗುರಿಗೆ ಮೆತ್ತಿಕೊಂಡರೆ ನೀರು ಇನ್ನೂ ಬರುತ್ತಿದೆ, ಎಲ್ಲಿಂದ ಅಂತ ಗಾಳಿ ಇರುವಾಗಲೇ ಒಳಗೆ ನಿಂತು ಹುಡುಕಿ. ಬಹಳ ಸಲ ಅದು ಮೂಲೆಯಿಂದಲೇ ಬಂದಿರುತ್ತದೆ.

ಬಿಚ್ಚುವುದು

ಹಸ್ತ ಮುಗಿದು ಚಿತ್ತೆ ನಡೆಯುವಾಗ, ಭೂಮಿ ಹುಣ್ಣಿಮೆಯ ಆಸುಪಾಸಿನಲ್ಲಿ ಬಿಚ್ಚಿ. ದೀಪಾವಳಿಯ ದೀಪ, ಪಟಾಕಿ ಬರುವ ಹೊತ್ತಿಗೆ ಒಣಗಿದ ಸೋಗೆ ಮನೆಗೆ ತಾಗಿ ಇರಕೂಡದು. ಸೋಮಾರಿತನದಲ್ಲಿ ಜಡಿಯನ್ನು ಮುಂದಿನ ವರ್ಷಕ್ಕೂ ಹಾಗೇ ಬಿಡುವವರಿದ್ದಾರೆ. ಬಿಸಿಲಿಗೆ ಗೋಡೆ ಒಣಗಬೇಕಾದ ತಿಂಗಳುಗಳಲ್ಲಿ ನೆರಳು ಹಿಡಿದಿಟ್ಟರೆ ಜಡಿ ಕಟ್ಟಿದ ಲಾಭವೇ ಹೋಯಿತಲ್ವಾ?

ಬಿಚ್ಚಿದ ಸೋಗೆಯನ್ನು ಮತ್ತೆ ಕಟ್ಟಲು ಇಡಬೇಡಿ, ಅದರ ಜೀವ ಮುಗಿದಿರುತ್ತದೆ. ಸುಡುವುದೂ ಬೇಡ. ಕೊಟ್ಟಿಗೆಯ ಹಾಸಿಗೆ ಹಾಕಿ ಗೊಬ್ಬರದ ಗುಂಡಿಗೆ ಸೇರಿಸಿ, ಇಲ್ಲವೇ ಕತ್ತರಿಸಿ ಅಡಿಕೆ ಬುಡಕ್ಕೆ ಮುಚ್ಚಿಗೆ ಮಾಡಿ. ದಬ್ಬೆ, ಗಳ, ಗಟ್ಟಿ ಇರುವ ಕಂಬಗಳನ್ನು ಬಿಸಿಲಿಗೆ ಒಣಗಿಸಿ ಒಲೆಯ ಮೇಲಿನ ಅಟ್ಟಕ್ಕೆ ಏರಿಸಿ. ಹೊಗೆ ತಿಂದ ಬಿದಿರಿಗೆ ಹುಳ ಬೇಗ ಮುಟ್ಟುವುದಿಲ್ಲ. ಈಗ ಗ್ಯಾಸ್ ಒಲೆ ಆದವರು ಬಚ್ಚಲ ಒಲೆಯ ಅಟ್ಟದಲ್ಲಿಡಬಹುದು. ಕಂಬದ ಗುಂಡಿಗಳಿಗೆ ಜಂಬಿಟ್ಟಿಗೆ ಚೂರು ತುಂಬಿ ಮೇಲೊಂದು ಚಪ್ಪಟೆ ಕಲ್ಲು ಮುಚ್ಚಿ. ಅಂಗಳ ಕೆತ್ತಿ ಕಣ ಮಾಡುವವರು ಗುಂಡಿಗಳ ಅಂತರವನ್ನು ಗೋಡೆಯ ಮೇಲೆ ಗುರುತು ಹಾಕಿಟ್ಟರೆ ಮುಂದಿನ ಮೇ ತಿಂಗಳಲ್ಲಿ ಮತ್ತೆ ಅಳೆಯುವ ಕೆಲಸ ತಪ್ಪುತ್ತದೆ.